ಮಾತ್ರೆ ಕೊಟ್ಟವರ ಬಾಯಿ

ಶಿವ ಕೊಟ್ಟ ನಾಲಿಗೆ ಒಳ್ಳೆಯದನ್ನೇ ಆಡಲಿ ಎಂದು ಬೆಳಗಾಗೆದ್ದು ಬೇಡಿಕೊಳ್ಳುವವಳು ನಾನು. ಆದರೂ ನಮ್ಮ ಮ್ಯಾನೇಜರ್ ಪಾಪಣ್ಣನ ಹೆಸರೆತ್ತಿದರೆ ಸಾಕು, ಆ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಕೇಳುವವರು ಅದೊಂದನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮ ಊರಲ್ಲಿ ಔಷಧಿಯ ಕಹಿ ನುಂಗಿದವರ ಬಾಯಿಗೆ ಬರುವುದಿಲ್ಲ, ಕೊಟ್ಟವರ ಬಾಯಿಗೆ ಬರುತ್ತದೆ. ತನ್ನ ಕೈಯಾರೆ ತಾನೇ ತೆಗೆದುಕೊಂಡರೆ ತನಗೆ. ಇನ್ನೊಬ್ಬರು ಬಾಯಿಗೆ ಹಾಕಿದರೆ ಹಾಕಿದವರಿಗೆ. ಅತ್ತ ಹೊಟ್ಟೆಯಲ್ಲಿ ಮಾತ್ರೆ ಕರಗುತ್ತಾ ಹೋದಂತೆ ಇತ್ತ ಕಹಿ ಏರುತ್ತಾ ಹೋಗುತ್ತದೆ. ಹೀಗಾಗಿ ನಮ್ಮಲ್ಲಿ ಪ್ರತಿ ಔಷಧಿ ಅಂಗಡಿಗೂ ಅಂಟಿಕೊಂಡೇ ಒಂದು ಬೆಲ್ಲದ ಅಂಗಡಿ. ಕೂಸಿಗೆ ಜ್ವರದ ಔಷಧಿ ಹಾಕಿದ ತಾಯಿ ಬೀದಿಯಲ್ಲಿ ಮುಖ ಹಿಂಡಿಕೊಂಡು ನಿಂತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಹೆಣ್ಣು ಕೊಡುವವರು ಗಂಡಿನ ಕಡೆ ಜಮೀನು ಎಷ್ಟಿದೆ ಎಂದು ಕೇಳುವುದಕ್ಕೆ ಮೊದಲು ಅತ್ತೆಗೆ ಏನೇನು ಕಾಯಿಲೆ ಇದೆ ಎಂದು ಕೇಳುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದರೆ ಗಂಡ ಸಿಡುಕುವುದಿಲ್ಲ, "ಅಪ್ಪನ ಮಾತ್ರೆ ಕೊಟ್ಟು ಅಡಿಗೆಗೆ ಇಟ್ಯಾ?" ಎಂದು ಕೇಳಿ ತಲೆ ತಗ್ಗಿಸಿ ಉಣ್ಣುತ್ತಾನೆ. ಇನ್ನು ಮನೆಯಲ್ಲಿ ಮೂರು ಜನ ಗಂಡುಮಕ್ಕಳಿದ್ದರಂತೂ ಮಾತ್ರೆಯ ಹೊತ್ತಿಗೆ ಮೂವರಿಗೂ ಎಲ್ಲಿಲ್ಲದ ಕೆಲಸ ಬಂದುಬಿಡುತ್ತದೆ. ಹೀಗೆ ಒಬ್ಬರ ಮೇಲೊಬ್ಬರು ಹಾಕಿಕೊಂಡು ಹಾಕಿಕೊಂಡು, ಕಡೆಗೆ ಊರವರೆಲ್ಲ ಸೇರಿ ಮುದುಕರಿಗೆಂದು ಒಂದು ಮನೆ ಮಾಡಿದರು. ಮುಚ್ಚಿಹೋಗಿದ್ದ ಟಾಕೀಸು ಇತ್ತಲ್ಲ, ಅದೇ ಹಿರಿಯರ ಮನೆಯಾಯಿತು.

ಮೆಟ್ಟಿಲು ಹತ್ತಬಲ್ಲವರಿಗೆ ಬಾಲ್ಕನಿ, ಹತ್ತಲಾರದವರಿಗೆ ಗಾಂಧಿ ಕ್ಲಾಸು. ಕುರ್ಚಿಗಳನ್ನು ಕಿತ್ತು ಮಂಚ ಹಾಕಿದ್ದಾರೆ. ನೆಲ ಮಾತ್ರ ಹಿಂದಿನಂತೆಯೇ ಪರದೆಯ ಕಡೆಗೆ ಇಳಿಜಾರು. ಕೈತಪ್ಪಿದ ಲೋಟ, ಕಾಲುತಪ್ಪಿದ ಮುದುಕಿ, ಎಲ್ಲವೂ ಹೋಗಿ ನಿಲ್ಲುವುದು ಪರದೆಯ ಬುಡದಲ್ಲಿ. ಆ ಪರದೆಯ ಮುಂದೆ ನಂಜುಂಡಸ್ವಾಮಿಯ ಒಂದು ಪುಟ್ಟ ಗುಡಿ ಕಟ್ಟಿಸಿದ್ದಾರೆ. ಸಿನಿಮಾ ನೋಡಿದ ಹಾಗೆ ಎಲ್ಲರೂ ಮಲಗಿದಲ್ಲಿಂದಲೇ ದೇವರನ್ನು ನೋಡಬಹುದು. ಅದೊಂದು ಮಾತ್ರ ಈ ಮನೆ ನಡೆಸುವ ಪಾಪಣ್ಣ ಮಾಡಿದ ಪುಣ್ಯದ ಕೆಲಸ, ಇಲ್ಲವೆನ್ನುವುದಿಲ್ಲ.

ನಾನು ಚಿಕ್ಕತಾಯಮ್ಮ. ನನ್ನ ಅಕ್ಕ ದೊಡ್ಡತಾಯಮ್ಮ. ನಮ್ಮಪ್ಪ ಹೆಸರಿಡುವುದರಲ್ಲಿ ಹೆಚ್ಚು ಯೋಚನೆ ಮಾಡಿದವನಲ್ಲ. ನಾನು ಗುಡಿಯ ಮುಂದೆ ಹೂ ಕಟ್ಟಿ ಮಾರಿಕೊಂಡಿದ್ದವಳು, ಕಟ್ಟುತ್ತಾ ಕೂತವರಿಗೆ ಶಿವನ ಕಥೆ ಹೇಳುತ್ತಿದ್ದವಳು. ಅಕ್ಕ ನನ್ನ ಜೊತೆಗೇ ಇದ್ದಳು. ಅವಳಿಗೆ ಫಿಟ್ಸ್ ಕಾಯಿಲೆ, ಹರೆಯದಿಂದಲೂ. ಅದಕ್ಕೆ ಒಂದು ಬಿಳಿ ಚಪ್ಪಟೆ ಮಾತ್ರೆ. ಇಡೀ ಊರಿನ ಮಾತ್ರೆಗಳಲ್ಲೇ ಅದರಷ್ಟು ಕಹಿ ಇನ್ನೊಂದಿಲ್ಲ ಎಂದು ಔಷಧಿ ಅಂಗಡಿಯವನೇ ಹೇಳುತ್ತಿದ್ದ. ಅಕ್ಕ ಎಂದೂ ಅದನ್ನು ನನ್ನ ಕೈಯಿಂದ ತೆಗೆದುಕೊಂಡವಳಲ್ಲ. ತಾನೇ ನುಂಗುತ್ತಿದ್ದಳು, ತಾನೇ ಕಹಿ ಉಣ್ಣುತ್ತಿದ್ದಳು, ಒಂದು ದಿನವೂ ಮುಖ ಸೊಟ್ಟ ಮಾಡಿದವಳಲ್ಲ. ಆಮೇಲೆ ಅವಳಿಗೆ ಮರೆವು ಬಂತು. ನನಗೆ ಮಂಡಿ ಹೋಯಿತು. ಇಬ್ಬರೂ ಗಾಂಧಿ ಕ್ಲಾಸಿಗೆ ಬಂದು ಬಿದ್ದೆವು.

ಬಂದ ದಿನವೇ ಪಾಪಣ್ಣ ನಮ್ಮಿಬ್ಬರ ಔಷಧಿಯ ಚೀಲವನ್ನೂ ಇಸಕೊಂಡು ಹಳೇ ಟಿಕೆಟ್ ಕೌಂಟರಿನೊಳಗೆ ಇಟ್ಟು ಬೀಗ ಹಾಕಿದ. "ಇಲ್ಲಿ ಯಾರೂ ತಾವಾಗಿ ಮಾತ್ರೆ ಮುಟ್ಟೋ ಹಾಗಿಲ್ಲಮ್ಮ. ಯಾರೋ ಮರೆತು ಎರಡೆರಡು ಸಲ ನುಂಗಿಬಿಟ್ಟರೆ ಜವಾಬ್ದಾರಿ ಯಾರದು? ಕೊಡೋಕೆ ನಮ್ಮ ಜನ ಇದ್ದಾರೆ" ಎಂದ. ಮಾತು ಸರಿಯಾಗಿಯೇ ಇತ್ತು. ಆ ಜನ ಯಾರು ಎಂದು ಆಮೇಲೆ ನೋಡಿದೆ.

ಮೊದಲು ಲೈಸೆನ್ಸ್ ಇದ್ದ ಒಬ್ಬ ನರ್ಸಮ್ಮ ಇದ್ದಳಂತೆ. ಇಡೀ ಟಾಕೀಸಿನ ಕಹಿಯನ್ನು ಒಬ್ಬಳೇ ಹೊತ್ತು, ಅನ್ನ ಸೇರದೆ, ಕಡ್ಡಿಯ ಹಾಗಾಗಿ ಕೆಲಸ ಬಿಟ್ಟುಹೋದಳಂತೆ. ಅವಳ ಜಾಗಕ್ಕೆ ಇನ್ನೊಬ್ಬ ನರ್ಸಮ್ಮ ಬರಲಿಲ್ಲ. ಪಾಪಣ್ಣ ಹುಡುಕಲೂ ಇಲ್ಲ. ಟಾಕೀಸಿನ ಕಾಲದಿಂದ ಬಾಗಿಲಲ್ಲಿ ನಿಂತು ಟಿಕೆಟು ಹರಿಯುತ್ತಿದ್ದ ಪುಟ್ಟಮಾದು ಅಲ್ಲೇ ಕಾವಲಿಗಿದ್ದ. ಅವನ ಕೈಗೇ ಮಾತ್ರೆಯ ಡಬ್ಬ ಕೊಟ್ಟುಬಿಟ್ಟ. ಪುಟ್ಟಮಾದು ಕೆಟ್ಟವನಲ್ಲ, ಮುದುಕರನ್ನು ಎತ್ತಿ ಕೂರಿಸುವಾಗ ಅವನ ಕೈ ಹೂವಿನಷ್ಟು ಮೆತ್ತಗೆ. ಆದರೆ ಮಾತ್ರೆಯ ವಿಷಯದಲ್ಲಿ ಅವನಿಗೆ ತಿಳಿದಿದ್ದು ಟಿಕೆಟಿನ ವಿಷಯ ಮಾತ್ರ. ತಲೆಗೊಂದರಂತೆ ಹರಿದು ಕೊಡುವುದು. ಕೆಂಪು ಯಾರದು ಹಳದಿ ಯಾರದು ಎಂದು ಕೇಳಿದರೆ, "ಬಾಲ್ಕನಿಯೋರ್ದು ಕೆಂಪು ಕಣವ್ವ, ಸುಮಾರಾಗಿ" ಎನ್ನುತ್ತಿದ್ದ. ಸುಮಾರಾಗಿ! ಜೀವದ ವಿಷಯದಲ್ಲಿ ಆ ಮಾತನ್ನು ಕೇಳಿ ನಾನು ನಂಜುಂಡನ ಕಡೆ ನೋಡಿದೆ. ನಂಜುಂಡ ಸುಮ್ಮನಿದ್ದ.

ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿತ್ತು. ಸಕ್ಕರೆ ಹೊದಿಸಿದ ಮಾತ್ರೆ, ಸಿಹಿ ಟಾನಿಕ್ಕು ಇವೆಲ್ಲ ತಪ್ಪದೆ ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ಕೆಲವರಿಗೆ ಕೇಳದೆಯೇ ಎರಡು ಸಲ ಬರುತ್ತಿದ್ದವು. ಅಕ್ಕನ ಬಿಳಿ ಮಾತ್ರೆ ಮಾತ್ರ ಒಂದು ದಿನ ಬಂದರೆ ಮತ್ತೊಂದು ದಿನ ಇಲ್ಲ. ಅಕ್ಕನನ್ನು ಕೇಳಿ ಪ್ರಯೋಜನವಿಲ್ಲ, ಅವಳಿಗೆ ನೆನಪಿಲ್ಲ, ಬಾಯಿಗೆ ರುಚಿಯೂ ಹತ್ತಿಲ್ಲ. ಹಾಗಾದರೆ ನನಗೆ ಹೇಗೆ ತಿಳಿಯಿತು ಎನ್ನುತ್ತೀರಾ? ಪುಟ್ಟಮಾದುವಿನ ಮುಖ ನೋಡಿ ತಿಳಿಯಿತು. ಬಿಳಿ ಮಾತ್ರೆ ಕೊಟ್ಟವನು ಮಧ್ಯಾಹ್ನದವರೆಗೆ ನೀರು ಕಂಡರೂ ಓಕರಿಸಬೇಕು. ಇವನು ನಮ್ಮ ಸಾಲು ಮುಗಿಸಿ ಹೋಗಿ ಅಡಿಗೆಮನೆಯ ಬಾಗಿಲಲ್ಲಿ ಕೂತು ಉಪ್ಪಿಟ್ಟನ್ನು ಬೆರಳು ನೆಕ್ಕಿಕೊಂಡು ತಿನ್ನುತ್ತಿದ್ದ.

"ಲೇ ಪುಟ್ಟಮಾದು, ನಮ್ಮಕ್ಕನ ಮಾತ್ರೆ ಕೊಟ್ಯೇನಪ್ಪ?"

"ಕೊಟ್ಟೆ ಕಣವ್ವ."

"ಕೊಟ್ಟೋನು ಉಪ್ಪಿಟ್ಟು ಹೆಂಗೆ ತಿಂತಾ ಇದ್ದೀಯ?"

ಅವನು ತಟ್ಟೆಯನ್ನು ಸೊಂಟದ ಹಿಂದಕ್ಕೆ ಸರಿಸಿಕೊಂಡ. "ಕಷ್ಟಪಟ್ಟು ತಿಂತಾ ಇವ್ನಿ ಚಿಕ್ಕವ್ವ."

ಪಾಪಣ್ಣನ ಹತ್ತಿರ ಹೋದೆ. ಅವನು ಪ್ರೊಜೆಕ್ಟರ್ ರೂಮಿನಲ್ಲಿ ಮೇಜು ಹಾಕಿಕೊಂಡಿದ್ದಾನೆ. ಗೋಡೆಯ ಚೌಕದ ಕಿಂಡಿಯಿಂದ ಇಡೀ ಟಾಕೀಸು ಕಾಣಬೇಕು, ಆದರೆ ಕಿಂಡಿಗೆ ಕ್ಯಾಲೆಂಡರು ನೇತುಹಾಕಿದ್ದ. ಮಂಡಿ ಹಿಡಿದುಕೊಂಡು ಅಷ್ಟು ಮೆಟ್ಟಿಲು ಹತ್ತಿ ಹೋಗಿ ಹೇಳಿದರೆ, "ಊಟ ಮಾಡೋರ ತಟ್ಟೆ ನೋಡಬಾರದು ಚಿಕ್ಕತಾಯಮ್ಮ" ಎಂದ. ಲೈಸೆನ್ಸ್ ಇಲ್ಲದವರ ಕೈಯಲ್ಲಿ ಔಷಧಿ ಕೊಡಿಸುವುದು ತಪ್ಪಲ್ಲವಾ ಎಂದು ಕೇಳಿದೆ. "ತಪ್ಪೇ ಅಮ್ಮ, ಯಾರು ಅಲ್ಲ ಅಂದೋರು? ಆದರೆ ಲೈಸೆನ್ಸ್ ಇರೋರಿಗೆ ನಾಲಿಗೆಯೂ ಇರುತ್ತೆ, ಅದೇ ತೊಂದರೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದ. ಆ 'ಅಡ್ಜಸ್ಟ್' ಎಂಬ ಮಾತನ್ನು ಅವನು ಬಾಯಲ್ಲಿ ಅಡಿಕೆಯಂತೆ ಇಟ್ಟುಕೊಂಡಿರುತ್ತಾನೆ. ಶಿವನೇ, ಈ ಲೋಕದಲ್ಲಿ ತಪ್ಪು ಮಾಡುವವರನ್ನು ಹೇಗಾದರೂ ಸಹಿಸಬಹುದು, ತಪ್ಪು ಎಂದು ಒಪ್ಪಿಕೊಂಡು ನಗುವವರನ್ನು ಸಹಿಸುವುದು ಹೇಗೆ?

ನಾನು ಹೆದರಿದ್ದೇ ಆಯಿತು. ಒಂದು ಬೆಳಿಗ್ಗೆ ಅಕ್ಕ ಬಚ್ಚಲಿಂದ ಬರುತ್ತಾ ಮಂಚದ ಸಾಲುಗಳ ನಡುವೆ ನಿಂತಳು, ಯಾರೋ ಕರೆದ ಹಾಗೆ ಮೇಲೆ ನೋಡಿದಳು, ಬಿದ್ದಳು. ಕೈಕಾಲು ಸೆಡೆಯಿತು. ಇಳಿಜಾರಿನಲ್ಲಿ ಉರುಳುತ್ತಾ ಹೋಗಿ ನಂಜುಂಡನ ಗುಡಿಯ ಕಟ್ಟೆಗೆ ತಲೆ ತಗುಲಿ ನಿಂತಳು. ನಾನು ಮಂಡಿ ಎಳೆದುಕೊಂಡು ಹೋಗುವಷ್ಟರಲ್ಲಿ ಬಾಯಿಂದ ನೊರೆ. ಪಕ್ಕದ ಊರಿಂದ ಸಂತೆಯ ದಿನ ಬರುವ ಡಾಕ್ಟರಮ್ಮ ಹಣೆಯ ಗಾಯ ಹೊಲಿದು, ಕಣ್ಣು ಬಿಡಿಸಿ ನೋಡಿ, ನನ್ನ ಕೈ ಹಿಡಿದುಕೊಂಡು ಹೇಳಿದಳು: "ಇವರ ವಯಸ್ಸಿಗೆ ಇನ್ನೊಂದು ಸಲ ಹೀಗಾದರೆ ಉಳಿಯೋದು ಕಷ್ಟ ಅಮ್ಮ. ಬೆಳಿಗ್ಗೆ ಒಂದೇ ಮಾತ್ರೆ, ತಪ್ಪಲೂ ಬಾರದು, ಹೆಚ್ಚಲೂ ಬಾರದು. ಯಾರು ಕೊಡ್ತಾರೋ ಅವರಿಗೆ ಚೆನ್ನಾಗಿ ಹೇಳಿ." ಪಾಪಣ್ಣ ಪಕ್ಕದಲ್ಲೇ ನಿಂತು ತಲೆಯಾಡಿಸಿದ. ಆಕೆಯ ಮುಂದೆಯೇ ಪುಟ್ಟಮಾದುವನ್ನು ಕರೆದು, "ನಾಳೆಯಿಂದ ಒಂದು ಮಾತ್ರೆ ತಪ್ಪಿದರೂ ನಿನ್ನ ಕೆಲಸ ಹೋಯ್ತು" ಎಂದು ಗದರಿಸಿದ. ನನಗೆ ಸಮಾಧಾನವಾಯಿತು. ನನ್ನ ದೂರಿಗೆ ಕಡೆಗೂ ಒಂದು ದಾರಿ ಸಿಕ್ಕಿತಲ್ಲ ಎಂದುಕೊಂಡೆ. ಸಿಕ್ಕಿದ ದಾರಿ ಎಂಥದ್ದು ಎಂದು ಮುಂದೆ ಕೇಳಿ.

ಅದಾದ ಮೇಲೆ ಹಿರಿಯರ ಮನೆಯಲ್ಲಿ ಒಂದು ಹೊಸ ಪದ್ಧತಿ ಬಂತು. ಬೆಳಿಗ್ಗೆ ಗಂಟೆ ಬಾರಿಸಿ, ನಂಜುಂಡನಿಗೆ ಮಂಗಳಾರತಿ ಎತ್ತಿ, ಪುಟ್ಟಮಾದು ತಾಮ್ರದ ತಂಬಿಗೆ ಹಿಡಿದು ಎಲ್ಲರಿಗೂ ಒಂದೊಂದು ಉದ್ಧರಣೆ ತೀರ್ಥ ಕೊಡಲು ಶುರುಮಾಡಿದ. ಏಳಲಾರದವರ ಮಂಚಕ್ಕೇ ಹೋಗಿ ಬಾಯಿಗೆ ಬಿಡುತ್ತಿದ್ದ. ಪಚ್ಚಕರ್ಪೂರ, ಏಲಕ್ಕಿ ಹಾಕಿದ ಗಮಗಮ ತೀರ್ಥ, ಎಳೆ ಗುಲಾಬಿ ಬಣ್ಣ. ದಾಸವಾಳದ ಎಸಳು ಕಿವುಚಿರಬೇಕು ಎಂದುಕೊಂಡೆ. ನನಗೆ ಒಳಗೊಳಗೇ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಕಣ್ಣಿಗೊತ್ತಿಕೊಂಡು ಕುಡಿದೆ.

ಆದರೆ ಮಾತ್ರೆಯ ಡಬ್ಬ ನಮ್ಮ ಸಾಲಿಗೆ ಬರುವುದೇ ನಿಂತಿತು. ಕೇಳಿದರೆ ಪುಟ್ಟಮಾದು, "ಎಲ್ಲಾರ್ದೂ ಆಯ್ತು ಕಣವ್ವ, ಒಂದೂ ತಪ್ಪಿಲ್ಲ. ಬೇಕಾದ್ರೆ ನಂಜುಂಡಪ್ಪನ ಮೇಲೆ ಆಣೆ" ಎನ್ನುತ್ತಿದ್ದ. ಆಣೆಯಿಟ್ಟು ಹೋಗಿ ಅಡಿಗೆಮನೆಯ ಬಾಗಿಲಲ್ಲಿ ಕೂತು ಬೋಂಡ ತಿನ್ನುತ್ತಿದ್ದ. ಅವನ ಕೆನ್ನೆ ತುಂಬಿಕೊಂಡು ಬರುತ್ತಿತ್ತು. ಇತ್ತ ನಮ್ಮವರ ಕಥೆ ಬೇರೆಯಾಗುತ್ತಿತ್ತು. ಬಾಲ್ಕನಿಯ ಹನುಮೇಗೌಡ ಮೇಷ್ಟ್ರು, ದಿನಾ ಪೇಪರು ಓದಿ ಎಲ್ಲರಿಗೂ ಬೈಯುತ್ತಿದ್ದವರು, ಹಗಲೆಲ್ಲ ಬಾಯಿ ತೆರೆದುಕೊಂಡು ನಿದ್ದೆಹೋಗತೊಡಗಿದರು. ನಮ್ಮ ಸಾಲಿನ ಬಳೆಗಾರ್ತಿ ಸುಬ್ಬಕ್ಕನಿಗೆ ಸಕ್ಕರೆ ಕಾಯಿಲೆಯೇ ಇಲ್ಲ, ಅಂಥವಳು ಬೆವರಿ ನಡುಗಿ "ಕಣ್ಣು ಕತ್ತಲೆ ಬತ್ತದೆ ಕಣೇ" ಎನ್ನುತ್ತಿದ್ದಳು. ಅಕ್ಕನ ತುಟಿ ಆಗಾಗ ಅದುರುತ್ತಿತ್ತು. ಬೀಳುವುದಕ್ಕೆ ಮೊದಲು ಅದುರುವ ಹಾಗೆ. ಪಾಪಣ್ಣನಿಗೆ ಹೇಳಿದರೆ, "ವಯಸ್ಸಾಯ್ತಲ್ಲಮ್ಮ. ಮೇಷ್ಟ್ರು ಬೈಯೋದು ಬಿಟ್ಟಿದ್ದಾರೆ, ಅದು ಒಳ್ಳೇದೇ ಅಲ್ವಾ?" ಎಂದ.

ಸೋಮವಾರ ಬಂತು. ಆ ದಿನ ಮುದುಕರನ್ನು ನೋಡಲು ಮನೆಯವರು ಬರುವ ವಾಡಿಕೆ. ಗುಡಿಗೆ ಹೂವಿನ ಅಲಂಕಾರ ನನ್ನದು. ಎಲ್ಲರಿಗಿಂತ ಮುಂಚೆ ಹೋಗಿ ಲಿಂಗದ ಹಿಂದೆ ಕೂತು ಸೇವಂತಿಗೆ ಕಟ್ಟುತ್ತಿದ್ದೆ. ಪುಟ್ಟಮಾದು ಒಳಗೆ ಬಂದ, ನನ್ನನ್ನು ನೋಡಲಿಲ್ಲ. ಮಡಿಲಲ್ಲಿ ಮಾತ್ರೆಯ ಪಟ್ಟಿಗಳು. ಟಿಕೆಟು ಹರಿಯುವ ಹಾಗೆಯೇ ಚರಚರ ಹರಿದು, ಕೆಂಪು, ಹಳದಿ, ಬಿಳಿ ಎಲ್ಲವನ್ನೂ ತಂಬಿಗೆಗೆ ಹಾಕಿದ. ಕ್ಯಾಪ್ಸೂಲು ಬಿಚ್ಚಿ ಪುಡಿ ಉದುರಿಸಿದ. ಉದ್ಧರಣೆಯಿಂದ ತಿರುವಿದ. ನೀರು ಗುಲಾಬಿಯಾಯಿತು. ತಂಬಿಗೆಯನ್ನು ಲಿಂಗದ ಮುಂದಿಟ್ಟು ಭಕ್ತಿಯಿಂದ ಕೈಮುಗಿದು, "ಅಪ್ಪಾ ನಂಜುಂಡ, ಇವತ್ತಿಂದೂ ನಿನ್ ಪಾಲಿಗೆ" ಎಂದ.

ನನ್ನ ಕೈಯ ದಾರ ಹಾಗೇ ನಿಂತುಹೋಯಿತು. "ಏನೋ ಮಾಡ್ತಾ ಇದ್ದೀಯ?" ಎಂದೆ.

ಅವನು ಬೆಚ್ಚಿಬಿದ್ದ. ಆಮೇಲೆ ಕಳ್ಳತನ ಮಾಡಿದವನ ಹಾಗಲ್ಲ, ಏನೋ ಒಳ್ಳೆಯದನ್ನು ಕಂಡುಹಿಡಿದವನ ಹಾಗೆ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಪಿಸುಗುಟ್ಟಿದ. "ಚಿಕ್ಕವ್ವ, ದೇವರಿಗೆ ಒಪ್ಸಿ ಕೊಟ್ರೆ ಕಹಿ ನಮ್ ಬಾಯಿಗೆ ಬರಾಕಿಲ್ಲ. ದೇವರ ಕೈಯಿಂದ ಕೊಟ್ಟಂಗೆ ಆಯ್ತದೆ. ಅವನು ವಿಸಾನೇ ಕುಡ್ದವನು, ಈ ಮಾತ್ರೆ ಕಹಿ ಅವನಿಗೆ ಯಾವ ಲೆಕ್ಕ? ಯಾರ್ದೂ ತಪ್ಪಾಕಿಲ್ಲ, ಎಲ್ಲಾರಿಗೂ ಎಲ್ಲಾನೂ ಹೋಯ್ತದೆ. ಮ್ಯಾನೇಜರಪ್ಪನೂ ಒಳ್ಳೆ ಐಡಿಯ ಅಂದ್ರು."

ಎಲ್ಲರಿಗೂ ಎಲ್ಲವೂ! ಮೇಷ್ಟ್ರ ಸಕ್ಕರೆ ಕಾಯಿಲೆಯ ಮಾತ್ರೆ ಸುಬ್ಬಕ್ಕನಿಗೆ, ಸುಬ್ಬಕ್ಕನ ನಿದ್ದೆ ಮಾತ್ರೆ ಮೇಷ್ಟ್ರಿಗೆ, ಅಕ್ಕನ ಬಿಳಿ ಮಾತ್ರೆ ಇಡೀ ಟಾಕೀಸಿಗೆ. ಅಕ್ಕನ ಪಾಲಿಗೆ ಒಂದು ಉದ್ಧರಣೆ. ನಾನು ಏಳಲು ನೋಡಿದೆ, ಮಂಡಿ ಹಿಡಿದುಕೊಂಡಿತು. ಅಷ್ಟರಲ್ಲಿ ಗಂಟೆ ಮೊಳಗಿತು, ನನ್ನ ಕೂಗು ಅದರಲ್ಲೇ ಮುಳುಗಿಹೋಯಿತು. ಮುದುಕರು, ಅವರನ್ನು ನೋಡಲು ಬಂದ ಮಕ್ಕಳು ಸೊಸೆಯರು, ಎಲ್ಲರೂ ಕೈಮುಗಿದುಕೊಂಡು ಇಳಿಜಾರಿನಲ್ಲಿ ಇಳಿದು ಬಂದರು. ಪಾಪಣ್ಣ ಬಿಳಿ ಪಂಚೆಯುಟ್ಟು ಮುಂದೆ ನಿಂತ. ಮಂಗಳಾರತಿ ಆಯಿತು. ಪುಟ್ಟಮಾದು ನನ್ನ ಕಡೆ ಒಂದು ಸಲ ಅನುಮಾನದಿಂದ ನೋಡಿ, ಪಾಪಣ್ಣನ ಕಣ್ಸನ್ನೆಗೆ ತಂಬಿಗೆ ಎತ್ತಿಕೊಂಡ. ಸಾಲಿನಲ್ಲಿ ಮೊದಲು ನಿಂತವಳು ನಮ್ಮಕ್ಕ. ಹಣೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಬಲಗೈ ಗೋಕರ್ಣ ಮಾಡಿ, ಎಡಗೈ ಕೆಳಗಿಟ್ಟು, ಎಳೆ ಮಗುವಿನಂತೆ ಬಾಯಿ ತುಸು ತೆರೆದುಕೊಂಡು ನಿಂತಿದ್ದಳು. ಉದ್ಧರಣೆ ಬಾಗಿತು. ಅವಳ ಅಂಗೈಯಲ್ಲಿ ಗುಲಾಬಿ ನೀರು ತುಂಬಿತು.

ಹುಟ್ಟಿದಾಗಿನಿಂದ ತೀರ್ಥದ ಹನಿ ನೆಲಕ್ಕೆ ಬಿದ್ದರೆ ಒರೆಸಿ ಕಣ್ಣಿಗೊತ್ತಿಕೊಂಡವಳು ನಾನು. ಗೋಡೆ ಹಿಡಿದು ಹೇಗೋ ಎದ್ದು ಬಂದು, ಆ ಕೈಯಿಂದಲೇ ಅಕ್ಕನ ಕೈಗೆ ಹೊಡೆದೆ. ತೀರ್ಥ ಚೆಲ್ಲಿತು. ಆಮೇಲೆ ಪುಟ್ಟಮಾದುವಿನ ಕೈಯ ತಂಬಿಗೆ ಹಿಡಿದು ಕವುಚಿಹಾಕಿದೆ. ಅರ್ಧ ಕರಗಿದ ಮಾತ್ರೆಗಳು ಲಿಂಗದ ಪೀಠದ ಮೇಲೆಲ್ಲ ಚೆದುರಿದವು. ಟಾಕೀಸಿಗೆ ಟಾಕೀಸೇ ಅಯ್ಯೋ ಎಂದಿತು.

"ಚಿಕ್ಕತಾಯಮ್ಮ! ತಲೆ ಕೆಟ್ಟಿದೆಯಾ? ತೀರ್ಥ ಅದು!" ಪಾಪಣ್ಣನ ದನಿ ಮೊದಲ ಸಲ ಏರಿತು.

"ತೀರ್ಥದಲ್ಲಿ ಮಾತ್ರೆ ಎಲ್ಲಿಂದ ಬಂತಪ್ಪ? ಬಗ್ಗಿ ನೋಡು. ಎಲ್ಲರೂ ನೋಡಿ. ಇಷ್ಟು ಜನರ ಔಷಧೀನೂ ಒಂದೇ ತಂಬಿಗೇಲಿ ಕಲಸಿ ಕುಡಿಸ್ತಾ ಇದ್ದಾರೆ."

ಯಾರದೋ ಮಗ ಬಗ್ಗಿ ಒಂದು ಚೂರು ಎತ್ತಿ ನೋಡಿದ. ಯಾರದೋ ಸೊಸೆ, "ನಮ್ಮತ್ತೆ ಯಾಕೆ ಮೊನ್ನೆಯಿಂದ ಮಂಕಾಗಿದ್ದಾರೆ ಅಂತ ಈಗ ಗೊತ್ತಾಯ್ತು" ಎಂದಳು. ಹನುಮೇಗೌಡ ಮೇಷ್ಟ್ರು ಅರೆನಿದ್ದೆಯಲ್ಲೇ, "ಹಾಗಾದರೆ ನನಗೆ ಬರುತ್ತಿದ್ದದ್ದು ಧ್ಯಾನ ಅಲ್ಲವೇ?" ಎಂದು ಕೇಳಿದರು. ಪಾಪಣ್ಣ ಎರಡೂ ಕೈಯೆತ್ತಿ ಸಮಾಧಾನ ಮಾಡಲು ಹೋದ. "ನೋಡಿ, ದೇವರ ಮುಂದೆ ಇಟ್ಟು ಕೊಟ್ಟಿದ್ದು. ನಂಜುಂಡಸ್ವಾಮಿ ಲೋಕದ ವಿಷವನ್ನೇ ಕುಡಿದವನು, ಅವನ ಪ್ರಸಾದದಿಂದ ಯಾರಿಗೆ ಏನಾಗುತ್ತೆ?"

ನನ್ನ ತಾಳ್ಮೆ ಅಲ್ಲಿಗೆ ಹರಿಯಿತು. "ಲೋ ಪಾಪಣ್ಣ, ಆ ಕಥೆ ಹೇಳಿಕೊಂಡೇ ನಾನು ಇಷ್ಟು ವರ್ಷ ಹೂ ಮಾರಿದ್ದು. ವಿಷ ಬಂದಾಗ ಅವನು ತಾನೇ ಕೈಚಾಚಿ ತಾನೇ ಕುಡಿದ. ಉದ್ಧರಣೇಲಿ ಹಾಕಿ ಮಿಕ್ಕ ದೇವತೆಗಳಿಗೆ ಹಂಚಲಿಲ್ಲ!"

ಆಗ ಪುಟ್ಟಮಾದು ಖಾಲಿ ತಂಬಿಗೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದು ಕೂತ. ಅವನು ಅಳುತ್ತಿದ್ದಾನೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. "ನನ್ ಮಗಳ ಮದ್ವೇಲಿ ಪಾಯಸ ಕಹಿ ಆಗಿತ್ತು ಕಣವ್ವ" ಎಂದ. "ಬೀಗರು ಚೆನ್ನಾಗಿಲ್ವಾ ಅಂತ ಕೇಳುದ್ರು. ಮೊಮ್ಮಗೀಗೆ ಮುತ್ತು ಕೊಟ್ರೂ ಬಾಯೆಲ್ಲಾ ಕಹಿ. ನಾನು ಟಿಕೀಟು ಹರಿಯೋನು, ನಂಗೆ ಓದೋಕೆ ಬರಾಕಿಲ್ಲ, ಕೊಡು ಅಂದ್ರು, ಕೊಟ್ಟೆ. ಇಷ್ಟು ಜನದಲ್ಲಿ ಒಬ್ರಾದ್ರೂ, ಪುಟ್ಟಮಾದು ನಿಂಗೆ ಹೊಟ್ಟೆಗೆ ಏನಾದ್ರೂ ಸೇರ್ತದಾ ಅಂತ ಕೇಳಿದೀರಾ? ನೋಡ್ಕಳಾಕೆ ಬಂದವ್ರು ಒಬ್ರಾದ್ರೂ, ಇವತ್ತು ನಮ್ಮಪ್ಪಂದು ನಾನು ಕೊಡ್ತೀನಿ ಅಂದಿದೀರಾ?"

ಬಂದಿದ್ದ ಮಕ್ಕಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ಉಪ್ಪಿಟ್ಟಿನ ತಟ್ಟೆಯನ್ನು ನಾನು ಎಷ್ಟು ದಿನ ಕಾದು ಕೂತು ನೋಡಿದ್ದೆ. ಅದರಾಚೆಗೆ ಕೂತವನನ್ನು ನೋಡಿರಲಿಲ್ಲ. ಆದರೂ ಅವನ ಮೇಲಿನ ಸಿಟ್ಟು ಪೂರಾ ಇಳಿಯಲಿಲ್ಲ. ಅಯ್ಯೋ ಪಾಪ ಎಂದ ಮಾತ್ರಕ್ಕೆ ಅಕ್ಕನ ತುಟಿ ಅದುರುವುದು ನಿಲ್ಲುವುದಿಲ್ಲವಲ್ಲ.

"ಪಾಪಣ್ಣ, ಕೌಂಟರಿನ ಬೀಗ ತೆಗಿ" ಎಂದೆ. "ಬುದ್ಧಿ ಸರಿಯಿರೋರು ಅವರವರ ಮಾತ್ರೆ ಅವರೇ ತಗೊಳ್ಳಲಿ, ಅವರ ಕಹಿ ಅವರೇ ಉಣ್ಣಲಿ. ಡಾಕ್ಟರಮ್ಮನ್ನ ಈಗಲೇ ಕರೆಸಿ ಯಾರದ್ಯಾವುದು ಅಂತ ಬೇರೆ ಮಾಡಿಸು. ನಮ್ಮಕ್ಕಂದು ನಾನು ಕೊಡ್ತೀನಿ."

"ನೀವಾ? ನಿಮಗೆ ಲೈಸೆನ್ಸ್ ಎಲ್ಲಿದೆ ಚಿಕ್ಕತಾಯಮ್ಮ? ರೂಲ್ಸ್ ಅಂತ ಒಂದು ಇರುತ್ತಲ್ಲ."

ಹಾಗೆ ಹೇಳಿ ಅವನೇ ಬಾಯಿ ಮುಚ್ಚಿಕೊಂಡ. ಸುಬ್ಬಕ್ಕ ನಡುಗುತ್ತಿದ್ದವಳು ಪಕಪಕನೆ ನಕ್ಕಳು. ಆ ನಗು ಗಾಂಧಿ ಕ್ಲಾಸಿನಿಂದ ಬಾಲ್ಕನಿಗೆ ಹತ್ತಿತು. ಒಳ್ಳೆ ಸಿನಿಮಾ ಓಡುತ್ತಿದ್ದ ಕಾಲದಲ್ಲೂ ಆ ಟಾಕೀಸು ಅಷ್ಟು ನಕ್ಕಿತ್ತೋ ಇಲ್ಲವೋ. ಪಾಪಣ್ಣ ಬೀಗದ ಕೈ ಹುಡುಕತೊಡಗಿದ. ನಾನು ಸೆರಗಿನಿಂದ ಲಿಂಗವನ್ನು ಒರೆಸಿ, ತಪ್ಪಾಯ್ತು ಸ್ವಾಮಿ ಎಂದು ಕೆನ್ನೆ ಬಡಿದುಕೊಂಡೆ. ತಪ್ಪು ಯಾರದು ಎಂದು ಅವನಿಗೆ ಬಿಡಿಸಿ ಹೇಳುವ ಅಗತ್ಯ ಕಾಣಲಿಲ್ಲ.

ಡಾಕ್ಟರಮ್ಮ ಅವತ್ತೇ ಬಂದು ಒಬ್ಬೊಬ್ಬರನ್ನೂ ನೋಡಿದಳು. ಪಾಪಣ್ಣನಿಗೆ ಅವಳು ಅಂದದ್ದನ್ನು ಇಲ್ಲಿ ಹೇಳಿದರೆ ಅವಳ ಮರ್ಯಾದೆ ಹೋಗುತ್ತದೆ. ಬಳಿಕ ಬಿಳಿ ಮಾತ್ರೆಯನ್ನು ನನಗೆ ತೋರಿಸಿ, ಬೆಳಿಗ್ಗೆ ತಿಂಡಿಯಾದ ಮೇಲೆ ಒಂದೇ ಒಂದು ಎಂದು ಮೂರು ಸಲ ಹೇಳಿದಳು. ಲೈಸೆನ್ಸ್ ಇರುವ ನರ್ಸಮ್ಮನನ್ನು ಬೇಗ ತರಿಸುತ್ತೇನೆ ಎಂದು ಪಾಪಣ್ಣ ಎಲ್ಲರ ಮುಂದೆ ಮಾತು ಕೊಟ್ಟ. ಬೇಗ ಎಂದರೆ ಯಾವಾಗ ಎಂದು ನಾನು ಇವತ್ತಿಗೂ ಕೇಳುತ್ತಿದ್ದೇನೆ. ಕೆಲವು ಮಕ್ಕಳು ಈಗ ಬೆಳಿಗ್ಗೆ ಬಂದು ಅಪ್ಪನಿಗೋ ಅಮ್ಮನಿಗೋ ತಾವೇ ಮಾತ್ರೆ ಕೊಟ್ಟು, ಮುಖ ಹಿಂಡಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಕೆಲವರು ಬರುವುದನ್ನೇ ಬಿಟ್ಟರು. ಹಾಗೆ ಬಿಟ್ಟವರ ಹೆತ್ತವರಿಗೆ ಡಾಕ್ಟರಮ್ಮ ಬೇರೆ ಬೇರೆ ಪೊಟ್ಟಣ ಕಟ್ಟಿಸಿ ಮಂಚಕ್ಕೆ ತಗುಲಿಹಾಕಿಸಿದ್ದಾಳೆ. ಪುಟ್ಟಮಾದು ಬೈದುಕೊಂಡೇ ಕೊಡುತ್ತಾನೆ. ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿರುತ್ತೇನೆ, ಅವನು ಮುಗಿಸಿ ಬಂದರೆ ಒಂದು ಅಚ್ಚು ಬೆಲ್ಲ ಕೊಡುತ್ತೇನೆ.

ಮೊದಲ ದಿನ ಅಕ್ಕನ ಬಾಯಿಗೆ ಮಾತ್ರೆ ಹಾಕಿ ನೀರು ಕುಡಿಸಿ ಕೂತೆ. ಹಾಗಲಕಾಯಿ, ಬೇವು, ಕಿರಾತಕಡ್ಡಿ, ಇವೆಲ್ಲ ನನಗೆ ಗೊತ್ತಿದ್ದ ಕಹಿ. ಇದು ಆ ಜಾತಿಯದಲ್ಲ. ನಾಲಿಗೆಯ ಬುಡದಿಂದ ಎದ್ದು, ಕಿವಿಯ ಹಿಂದೆ ಹರಿದು, ಕಣ್ಣಲ್ಲಿ ನೀರಾಗಿ ಬಂತು. ಉಗುಳು ನುಂಗಿದರೂ ಕಹಿ, ಶಿವಾ ಎಂದರೂ ಕಹಿ. ಹರೆಯದಿಂದ ದಿನ ಬೆಳಗಾದರೆ ಇದನ್ನು ಬಾಯಲ್ಲಿಟ್ಟುಕೊಂಡೇ ಅಕ್ಕ ನನಗೆ ಜಡೆ ಹೆಣೆದಿದ್ದಳು, ಬುತ್ತಿ ಕಟ್ಟಿದ್ದಳು, ನನ್ನ ಹೂವಿನ ಬುಟ್ಟಿ ತಲೆಗೆತ್ತಿ ಕಳಿಸಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ನಾನು ಅವಳನ್ನು ನೋಡಿದೆ. ಅವಳ ತುಟಿ ಅದುರುತ್ತಿರಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಬಿದ್ದಿಲ್ಲ, ನಂಜುಂಡನ ದಯೆ.

ಬಿದ್ದಿಲ್ಲ ನಿಜ, ಆದರೆ ನನ್ನನ್ನು ಬಿಟ್ಟಿಲ್ಲ. ಬಾಯಿಗೆ ಏನೂ ರುಚಿ ಹತ್ತುವುದಿಲ್ಲವಲ್ಲ, ನುಂಗಿ ಲೋಟ ಕೆಳಗಿಡುವಷ್ಟರಲ್ಲೇ ಅವಳಿಗೆ ಮರೆತುಹೋಗುತ್ತದೆ. "ಚಿಕ್ಕಿ, ನನ್ನ ಮಾತ್ರೆ ಕೊಡೇ" ಎನ್ನುತ್ತಾಳೆ. ಕೊಟ್ಟೆ ಅಕ್ಕ ಎಂದರೆ ನಂಬುವುದಿಲ್ಲ. ಸಾಲಿನ ಮಂಚಮಂಚಕ್ಕೂ ಹೋಗಿ, "ನನ್ನ ತಂಗಿ ನನಗೆ ಔಷಧಿ ಕೊಡದೆ ಬಚ್ಚಿಟ್ಟುಕೊಂಡಿದ್ದಾಳೆ" ಎಂದು ದೂರು ಹೇಳುತ್ತಾಳೆ. ಪಾಪಣ್ಣನಿಗೂ ಹೇಳಿದ್ದಾಳೆ. ಅವನು ಬಂದು, "ಅಡ್ಜಸ್ಟ್ ಮಾಡ್ಕೊಂಡು ಇನ್ನೊಂದು ಕೊಟ್ಟುಬಿಡಿ ಚಿಕ್ಕತಾಯಮ್ಮ" ಎಂದಾಗ ನಾನು ಕೈಗೆ ಸಿಕ್ಕ ಹೂವಿನ ಬುಟ್ಟಿಯನ್ನೇ ಎಸೆದೆ.

ಇವತ್ತು ಬೆಳಿಗ್ಗೆಯೂ ಕೊಟ್ಟು, ಮುಖ ಹಿಂಡಿಕೊಂಡು ಗೋಡೆಗೆ ಒರಗಿ ಕೂತಿದ್ದೆ. ಅಕ್ಕ ತಟ್ಟೆಯಲ್ಲಿದ್ದ ಕಡಲೆಪುರಿ ತಿನ್ನುತ್ತಾ ನನ್ನನ್ನೇ ದಿಟ್ಟಿಸಿದಳು.

"ಯಾಕೇ ಚಿಕ್ಕಿ, ಮುಖ ಹಿಂಗಾಗಿದೆ? ಹುಷಾರಿಲ್ವಾ?"

"ಏನಿಲ್ಲ ಕಣಕ್ಕ."

"ಔಷಧಿ ತಗೊಂಡ್ಯಾ?"

ಆ ಕಹಿಗೆ ನನಗೆ ಬಾಯಿ ತೆರೆಯುವುದೇ ಬೇಡವಾಗಿತ್ತು. ಅವಳು ತಟ್ಟೆಯಿಂದ ಒಂದೇ ಒಂದು ಪುರಿಯನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಹತ್ತಿರ ಜರುಗಿ ಬಂದಳು. "ನೀನು ತಗೋಬೇಡ, ನಾನು ಕೊಡ್ತೀನಿ. ಚಿಕ್ಕವಳು ನೀನು. ಬಾಯಿ ತೆಗಿ" ಎಂದು ನನ್ನ ಗಲ್ಲ ಹಿಡಿದು ಅದನ್ನು ಬಾಯಿಗಿಟ್ಟಳು. ಎಷ್ಟೋ ಹೊತ್ತು ನನ್ನ ಗಂಟಲನ್ನೇ ನೋಡುತ್ತಿದ್ದಳು. ಇಳಿದದ್ದು ಖಾತ್ರಿಯಾದ ಮೇಲೆ ಕಣ್ಣು ಮುಚ್ಚಿ, ತುಟಿ ಬಿಗಿಹಿಡಿದು, ಬರುವ ಕಹಿಗಾಗಿ ಕಾದಳು. ಎಂದೂ ಮುಖ ಸೊಟ್ಟ ಮಾಡದವಳು ಆಗಲೂ ಮಾಡಲಿಲ್ಲ.

ಕಣ್ಣು ಬಿಟ್ಟು ನನ್ನ ತಲೆ ಸವರಿದಳು. "ಆಯ್ತು. ಇನ್ನು ನನ್ನ ಮಾತ್ರೆ ಕೊಡು."

"ಕೊಟ್ಟಾಯ್ತಕ್ಕ."

"ಯಾವಾಗ್ಲೇ?" ಎಂದಳು.